ಹೂಡಿಕೆ ಎಂಬ ಮಾತು

ಕನ್ನಡದ ‘ಹೂಡು’ ಎಂಬ ಧಾತುವಿಗೆ ಹಲವು ಬಳಕೆಗಳಿವೆ. ಬಾಣ ಹೂಡುವುದುಂಟು, ಬಂಡಿ ಹೂಡುವುದುಂಟು, ಒಲೆ ಹೂಡುವುದುಂಟು, ದಾವೆ ಹೂಡುವುದೂ ಉಂಟು. ಆದರೆ ಒಕ್ಕಲುತನದ ಮನೆಯಲ್ಲಿ ಹುಟ್ಟಿದವರ ಕಿವಿಗೆ ಮೊದಲು ಕೇಳಿಸುವುದು ಎತ್ತುಗಳ ಹೆಗಲ ಮೇಲೆ ನೊಗವಿಟ್ಟು ನೇಗಿಲು ಹೂಡುವ ಅರ್ಥವೇ. ಮುಂದಿನ ಫಲಕ್ಕಾಗಿ ಇಂದು ಹಣವನ್ನು ತೊಡಗಿಸುವುದಕ್ಕೆ ನಮ್ಮ ಭಾಷೆ ‘ಹೂಡಿಕೆ’ ಎಂದು ಹೆಸರಿಟ್ಟಿದೆ. ಮರಾಠಿಯಲ್ಲಿ ಇದೇ ಕ್ರಿಯೆಗೆ ‘ಗುಂತವಣೂಕ್’ ಎನ್ನುತ್ತಾರೆ. ಅದರ ಹಿಂದಿರುವ ‘ಗುಂತಣೇ’ ಎಂಬ ಕ್ರಿಯಾಪದಕ್ಕೆ ಸಿಕ್ಕಿಕೊಳ್ಳುವುದು, ತೊಡಕಿಕೊಳ್ಳುವುದು ಎಂದು ಅರ್ಥ. ಜತ್ತ ತಾಲ್ಲೂಕಿನ ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತು, ಮುಂದೆ ಮರಾಠಿ ಮಾಧ್ಯಮದಲ್ಲಿ ಓದಿದ ನನಗೆ ಈ ಎರಡು ಪದಗಳೂ ಒಟ್ಟಿಗೇ ನೆನಪಾಗುತ್ತವೆ. ಎರಡೂ ನಿಜವನ್ನೇ ಹೇಳುತ್ತವೆ. ಹಣವನ್ನು ಹೂಡಿದವನು ಉತ್ತಿದವನಂತೆ ಮಳೆಗಾಗಿ ಕಾಯಬೇಕು. ಕಾಯುವಷ್ಟು ಕಾಲ ಆ ಹಣ ಅಲ್ಲಿ ಸಿಕ್ಕಿಕೊಂಡೇ ಇರುತ್ತದೆ.

ನಮ್ಮ ವಿಭಾಗದ ವಾರ್ತಾಪತ್ರದಲ್ಲಿ ರಗಳೆ, ಷಟ್ಪದಿ, ವಚನಗಳ ಕುರಿತು ಬರೆಯುತ್ತ ಬಂದ ನಾನು ಈ ಸಲ ಹಣದ ಮಾತೆತ್ತಿರುವುದಕ್ಕೆ ಕಾರಣವಿದೆ. ಕನ್ನಡವನ್ನು ಐಚ್ಛಿಕವಾಗಿ ಆರಿಸಿಕೊಂಡ ನಿಮ್ಮಲ್ಲಿ ಕೆಲವರು ಗಡಿಯ ಈಚೆಗೂ ಆಚೆಗೂ ಶಿಕ್ಷಕರಾಗುವಿರಿ, ಕೆಲವರು ಅನುವಾದಕರೋ ಪತ್ರಕರ್ತರೋ ಆಗುವಿರಿ, ಇನ್ನು ಕೆಲವರು ಹೊಲಕ್ಕೆ ಮರಳುವಿರಿ. ಹಲವರು ನನ್ನ ಕಿರಿಯ ಸಹೋದ್ಯೋಗಿಗಳಂತೆ ‘ತಾಸಿಕಾ ತತ್ತ್ವ’ದ ಮೇಲೆ, ಎಂದರೆ ಪಾಠ ಮಾಡಿದ ಗಂಟೆಗಳಿಗಷ್ಟೇ ಸಂಬಳ ಪಡೆಯುತ್ತ, ವರ್ಷಗಟ್ಟಲೆ ದುಡಿಯುವಿರಿ. ಮಹಾರಾಷ್ಟ್ರದಲ್ಲಿ 2005ರ ನವೆಂಬರ್ 1ರಿಂದ ಈಚೆಗೆ ಸೇವೆಗೆ ಸೇರಿದವರನ್ನು ಹಳೆಯ ನಿವೃತ್ತಿವೇತನದಿಂದ ಹೊರಗಿರಿಸಿ, ನೌಕರನ ವಂತಿಗೆಯ ಮೇಲೆ ನಿಂತ ಹೊಸ ಪದ್ಧತಿಯನ್ನು ತರಲಾಯಿತು. ಕೇಂದ್ರ ಸರಕಾರದ ನೌಕರರಿಗೆ ಈ ಬದಲಾವಣೆ 2004ರ ಜನವರಿ 1ರಿಂದಲೇ ಬಂದಿತ್ತು. ನಾನು ಖಾಯಂ ಆದದ್ದು ಆ ದಿನಾಂಕದ ನಂತರ. ನನಗೆ ಕಲಿಸಿದ ಗುರುಗಳ ಮುಪ್ಪಿಗೆ ಇದ್ದ ಆಸರೆ ನನ್ನ ಮುಪ್ಪಿಗಿಲ್ಲ. ನಿಮಗೂ ಅದು ತಾನಾಗಿ ಒದಗಲಾರದು. ಅರವತ್ತರ ನಂತರದ ಇಪ್ಪತ್ತೈದು ವರ್ಷಗಳ ಅನ್ನವನ್ನು ನಮ್ಮ ನಮ್ಮ ದುಡಿಮೆಯ ವರ್ಷಗಳಲ್ಲೇ ಕೂಡಿಡಬೇಕಾಗಿದೆ.

ಕೂಡಿಡುವುದು ನಮ್ಮ ಸೀಮೆಗೆ ಹೊಸದಲ್ಲ. ಕನ್ನಡದವರು ‘ಹಗೇವು’ ಎಂದೂ ಮರಾಠಿಯವರು ‘ಪೇವ್’ ಎಂದೂ ಕರೆಯುವ ನೆಲದೊಳಗಿನ ಕಣಜ ನಮ್ಮ ಮನೆಯ ಮುಂದೆಯೂ ಇತ್ತು. ಗೋಡೆಗೆ ಹುಲ್ಲು ಒತ್ತಿ, ಬಿಳಿಜೋಳ ತುಂಬಿ, ಬಾಯಿಗೆ ಕಲ್ಲು ಹಾಸಿ, ಮಣ್ಣು ಮೆತ್ತಿ ಮುಚ್ಚುತ್ತಿದ್ದರು. 1972ರ ಬರ ನನ್ನ ನೆನಪಿಗೆ ನಿಲುಕುವುದಿಲ್ಲ. ತಾಯಿ ಹೇಳುತ್ತಿದ್ದ ಮಾತುಗಳಲ್ಲಿ ಮಾತ್ರ ಅದನ್ನು ಬಲ್ಲೆ. ಹಗೇವಿನಲ್ಲಿ ಎರಡು ವರ್ಷದ ಕಾಳಿದ್ದ ಮನೆಗಳು ಎತ್ತು ಮಾರಲಿಲ್ಲ. ಕಾಳಿಲ್ಲದವರು ಸಿಕ್ಕ ಬೆಲೆಗೆ ಎತ್ತು ಮಾರಿ ಸರಕಾರದ ಕಾಮಗಾರಿಯಲ್ಲಿ ಖಡಿ ಒಡೆದರು. ಮರುವರ್ಷ ಮಳೆ ಬಂದಾಗ ಹೂಡಲು ಅವರ ಬಳಿ ಎತ್ತುಗಳಿರಲಿಲ್ಲ. ಹೂಡಿಕೆಯ ಬಗ್ಗೆ ಮುಂದೆ ನಾನು ಓದಿದ ಎಷ್ಟೋ ಪುಟಗಳ ತಿರುಳು ತಾಯಿಯ ಈ ಮಾತಿನಲ್ಲಿತ್ತು. ಬರಗಾಲದಲ್ಲಿ ದುಡಿಯುವ ಎತ್ತನ್ನು ಮಾರಬೇಕಾಗದಿರಲು ಬೇರೆಯೇ ಒಂದು ಹಗೇವು ಬೇಕು.

ಆದ್ದರಿಂದ ಮಾರುಕಟ್ಟೆಯ ಹೆಸರೆತ್ತುವ ಮುನ್ನ ಮಾಡಬೇಕಾದ ಕೆಲಸಗಳಿವೆ. ಆರು ತಿಂಗಳ ಮನೆಖರ್ಚಿನಷ್ಟು ಹಣ ಬ್ಯಾಂಕಿನ ಉಳಿತಾಯ ಖಾತೆಯಲ್ಲೋ ಮುದ್ದತು ಠೇವಣಿಯಲ್ಲೋ ಇರಲಿ. ಗಂಟೆಯ ಲೆಕ್ಕದಲ್ಲಿ ದುಡಿಯುವವರಿಗೆ ರಜೆಯ ತಿಂಗಳುಗಳಲ್ಲಿ ಸಂಬಳವಿಲ್ಲವಾದ್ದರಿಂದ ಇನ್ನೂ ಹೆಚ್ಚು ಬೇಕು. ಮನೆಯವರಿಗೆಲ್ಲ ಆರೋಗ್ಯ ವಿಮೆ, ದುಡಿಯುವವರ ಹೆಸರಿಗೆ ಸಾದಾ ಅವಧಿ ವಿಮೆ ಇರಲಿ. ಸಾಲವಿದ್ದರೆ ಮೊದಲು ಅದನ್ನು ತೀರಿಸಬೇಕು. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ ಎಂದರೆ ವರ್ಷಕ್ಕೆ ನೂರಕ್ಕೆ ಮೂವತ್ತಾರು. ಅಷ್ಟನ್ನು ಪ್ರತಿವರ್ಷ ಗಳಿಸಿಕೊಡುವ ಹೂಡಿಕೆ ಲೋಕದಲ್ಲಿಲ್ಲ. ಶಾಲೆಯಲ್ಲಿ ನಾನು ‘ಚಕ್ರವಾಢ ವ್ಯಾಜ’ ಎಂದು ಮರಾಠಿಯಲ್ಲಿ ಬಿಡಿಸುತ್ತಿದ್ದ ಲೆಕ್ಕ ಮನೆಯಲ್ಲಿ ‘ಚಕ್ರಬಡ್ಡಿ’ ಎಂಬ ಹೆಸರಿನಲ್ಲಿ ಹಿರಿಯರ ನಿದ್ದೆ ಕೆಡಿಸುತ್ತಿತ್ತು. ಅದೇ ಚಕ್ರ ಸಾಲಗಾರನನ್ನು ಕೆಳಗೆಳೆಯುತ್ತದೆ, ಹೂಡಿದವನನ್ನು ಮೇಲಕ್ಕೊಯ್ಯುತ್ತದೆ. ನಾವು ಯಾವ ಕಡೆಗೆ ನಿಂತಿದ್ದೇವೆ ಎಂಬುದನ್ನು ಮೊದಲು ನೋಡಿಕೊಳ್ಳಬೇಕು.

ಠೇವಣಿ ಇಡುವ ಜಾಗವನ್ನೂ ನೋಡಬೇಕು. ನನ್ನ ಸೋದರಮಾವ ಹೊಲದ ತುಂಡೊಂದನ್ನು ಮಾರಿ ಬಂದ ಹಣವನ್ನೆಲ್ಲ ಊರಿನ ಒಂದು ಪತಸಂಸ್ಥೆಯಲ್ಲಿ ಇಟ್ಟಿದ್ದರು. ಬ್ಯಾಂಕಿಗಿಂತ ನೂರಕ್ಕೆ ಮೂರು ಹೆಚ್ಚು ಬಡ್ಡಿ, ಪರಿಚಯದ ಮುಖಗಳು, ಮನೆಬಾಗಿಲಿಗೆ ಬಂದು ಹಣ ಒಯ್ಯುವ ಹುಡುಗ. ಒಂದು ದಿನ ಬಾಗಿಲಿಗೆ ಬೀಗ ಬಿತ್ತು. ಬ್ಯಾಂಕಿನಲ್ಲಿಟ್ಟ ಠೇವಣಿಗೆ ಕಾಯ್ದೆಯ ವಿಮೆಯಿದೆ. 1993ರಿಂದ ಒಂದು ಲಕ್ಷವಿದ್ದ ಅದರ ಮಿತಿಯನ್ನು 2020ರ ಫೆಬ್ರುವರಿ 4ರಿಂದ ಐದು ಲಕ್ಷಕ್ಕೆ ಏರಿಸಲಾಗಿದೆ. ಸಹಕಾರಿ ಬ್ಯಾಂಕುಗಳಿಗೂ ಇದು ಅನ್ವಯಿಸುತ್ತದೆ, ಪತಸಂಸ್ಥೆಗಳಿಗೆ ಅನ್ವಯಿಸುವುದಿಲ್ಲ. ಫಲಕಗಳ ಮೇಲಿನ ಅಕ್ಷರಗಳು ಒಂದೇ ಬಗೆಯವಾಗಿ ಕಂಡರೂ ಒಳಗಿನ ಕಾಯ್ದೆ ಬೇರೆ. ಪದದ ಅರ್ಥಭೇದವನ್ನು ಸೂಕ್ಷ್ಮವಾಗಿ ನೋಡುವ ಶಿಸ್ತು ನಮಗೆ ನಿಘಂಟಿನ ಮುಂದೆ ಎಷ್ಟು ಬೇಕೋ ಕೌಂಟರಿನ ಮುಂದೆಯೂ ಅಷ್ಟೇ ಬೇಕು.

ಇಷ್ಟಾದ ಮೇಲೆ ಉಳಿದ ಹಣವನ್ನು ಬ್ಯಾಂಕಿನಲ್ಲೇ ಇಟ್ಟರೆ ಸಾಲದೇ ಎಂದು ಕೇಳಬಹುದು. ಬೆಲೆಯೇರಿಕೆ ಅದಕ್ಕೆ ಉತ್ತರ ಹೇಳುತ್ತದೆ. ಎಪ್ಪತ್ತೆರಡನ್ನು ವರ್ಷದ ದರದಿಂದ ಭಾಗಿಸಿದರೆ ಒಂದು ಮೊತ್ತ ಇಮ್ಮಡಿಯಾಗಲು ಬೇಕಾಗುವ ವರ್ಷಗಳು ಸುಮಾರಾಗಿ ದೊರೆಯುತ್ತವೆ. ಬೆಲೆಗಳು ವರ್ಷಕ್ಕೆ ಶೇಕಡಾ 6ರಂತೆ ಏರಿದರೆ ಹನ್ನೆರಡು ವರ್ಷಗಳಲ್ಲಿ ಇಮ್ಮಡಿ, ಮೂವತ್ತು ವರ್ಷಗಳಲ್ಲಿ ಐದೂಮುಕ್ಕಾಲು ಪಟ್ಟು. ಖಚಿತವೆಂದು ನಾವು ನಂಬುವ ಬಡ್ಡಿಯೂ ಖಚಿತವಲ್ಲ. 1968ರಲ್ಲಿ ಆರಂಭವಾದ ಸಾರ್ವಜನಿಕ ಭವಿಷ್ಯ ನಿಧಿಗೆ 1986ರಿಂದ 2000ದ ಜನವರಿಯವರೆಗೆ ಶೇಕಡಾ 12 ಬಡ್ಡಿಯಿತ್ತು. 2020ರ ಏಪ್ರಿಲಿನಿಂದ ಅದು ಶೇಕಡಾ 7.1. ಹದಿನೈದು ವರ್ಷಗಳ ಆ ಖಾತೆ ಇಂದಿಗೂ ಒಳ್ಳೆಯ ಆಸರೆಯೇ, ನನ್ನದೂ ಒಂದಿದೆ. ಆದರೆ ಅನಿಶ್ಚಿತತೆ ಷೇರು ಪೇಟೆಯಲ್ಲಿ ಮಾತ್ರ ಇದೆ, ಅಂಚೆ ಕಚೇರಿಯಲ್ಲಿ ಇಲ್ಲ ಎಂಬ ತಿಳಿವಳಿಕೆ ಸರಿಯಲ್ಲ. ಅಲ್ಲಿ ಅದು ಮೆಲ್ಲಗೆ, ಸದ್ದಿಲ್ಲದೆ ಬರುತ್ತದೆ.

ಷೇರು ಎಂಬುದಕ್ಕೆ ನಮ್ಮಲ್ಲಿ ‘ಪಾಲು’ ಎಂಬ ಸೊಗಸಾದ ಪದವಿದೆ. ಮರಾಠಿಯ ‘ಸಮಭಾಗ’ವೂ ಅದೇ ಅರ್ಥದ್ದು. ಹೊಲವನ್ನು ಪಾಲಿಗೆ ಮಾಡುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೆಳೆ ಬಂದರೆ ಪಾಲು ಬರುತ್ತದೆ, ಬಾರದಿದ್ದರೆ ಇಲ್ಲ. ಹೊಲದ ಒಡೆಯನೂ ಉಳುವವನೂ ಮಳೆಯ ಅನಿಶ್ಚಿತತೆಯನ್ನು ಹಂಚಿಕೊಳ್ಳುತ್ತಾರೆ. ಉದ್ದಿಮೆಯ ಪಾಲು ಕೊಂಡವನು ಅದರ ಲಾಭದಲ್ಲಿ ಭಾಗಿ, ನಷ್ಟದಲ್ಲೂ ಭಾಗಿ. ಬಡ್ಡಿಗಿಂತ ಹೆಚ್ಚಿನ ಫಲ ಅವನಿಗೆ ದೊರೆತರೆ ಅದು ಈ ಅನಿಶ್ಚಿತತೆಯನ್ನು ಹೊತ್ತದ್ದಕ್ಕೆ ಸಿಕ್ಕ ಕೂಲಿ.

ಆ ಅನಿಶ್ಚಿತತೆ ಎಷ್ಟರದು ಎಂಬುದನ್ನು ಮುಚ್ಚಿಡದೆ ಹೇಳಬೇಕು. ಮುಂಬಯಿ ಷೇರು ಪೇಟೆಯ ಸೂಚ್ಯಂಕವಾದ ಸೆನ್ಸೆಕ್ಸ್‌ಗೆ 1978–79ನೆಯ ವರ್ಷವನ್ನು ಆಧಾರವಾಗಿಟ್ಟು 100 ಎಂದು ಎಣಿಸಲಾಗಿದೆ. 2008ರ ಜನವರಿಯಲ್ಲಿ ಅದು 21,000 ಮುಟ್ಟಿ, 2009ರ ಮಾರ್ಚಿನಲ್ಲಿ 8,000ದ ಸಮೀಪಕ್ಕೆ ಕುಸಿಯಿತು. 2010ರ ನವೆಂಬರಿನಲ್ಲಿ ಮತ್ತೆ 21,000ದ ಬಳಿ ಬಂದರೂ ಅಲ್ಲಿ ನಿಲ್ಲಲಿಲ್ಲ. ಆ ಎತ್ತರವನ್ನು ನಿಜವಾಗಿ ದಾಟಿದ್ದು 2013ರ ಕೊನೆಯ ಹೊತ್ತಿಗೆ. 2020ರ ಜನವರಿಯಲ್ಲಿ 42,000 ದಾಟಿದ್ದ ಅಂಕ ಮಾರ್ಚ್ 23ರಂದು ಒಂದೇ ದಿನ ಶೇಕಡಾ 13ರಷ್ಟು ಬಿದ್ದು 26,000ಕ್ಕಿಂತ ಕೆಳಗಿಳಿಯಿತು. ಮರುವರ್ಷದ ಜನವರಿಯಲ್ಲಿ ಅದೇ ಅಂಕ 50,000 ದಾಟಿತು. 2024ರ ಸೆಪ್ಟೆಂಬರಿನಲ್ಲಿ 85,000. ಈ ಸಂಖ್ಯೆಗಳನ್ನು ನೋಡಿ ಬಿದ್ದದ್ದೆಲ್ಲ ಬೇಗನೆ ಏಳುತ್ತದೆ ಎಂದು ತೀರ್ಮಾನಿಸಬಾರದು. ಜಪಾನಿನ ನಿಕ್ಕಿ ಸೂಚ್ಯಂಕ 1989ರ ಡಿಸೆಂಬರಿನಲ್ಲಿ ಮುಟ್ಟಿದ ಎತ್ತರವನ್ನು ಮತ್ತೆ ಕಂಡದ್ದು 2024ರ ಫೆಬ್ರುವರಿಯಲ್ಲಿ. ಮೂವತ್ತನಾಲ್ಕು ವರ್ಷ ಎಂದರೆ ಒಬ್ಬ ಅಧ್ಯಾಪಕನ ಇಡೀ ಸೇವಾವಧಿ. ಎಲ್ಲವನ್ನೂ ಒಂದೇ ಹೊಲದಲ್ಲಿ ಬಿತ್ತಬೇಡಿ ಎಂಬ ಮಾತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಆ ಮಾರ್ಚಿನಲ್ಲಿ ಇಬ್ಬರು ಪರಿಚಿತರು ನನಗೆ ಫೋನು ಮಾಡಿದ್ದರು. ಒಬ್ಬಾತ ನನ್ನ ಹಳೆಯ ವಿದ್ಯಾರ್ಥಿ, ಅಕ್ಕಲಕೋಟೆಯ ಕಡೆ ಶಿಕ್ಷಕ. “ಸರ, ಎಲ್ಲಾ ತಗದ ಬಿಡ್ಲೇನ್ರೀ?” ಎಂದು ಕೇಳಿದ. ಆ ಹಣ ಯಾವ ಕೆಲಸಕ್ಕೆ, ಯಾವಾಗ ಬೇಕು ಎಂದು ನಾನು ಕೇಳಿದೆ. ಮಗಳ ಕಾಲೇಜಿಗೆ, ಇನ್ನು ಹದಿನಾಲ್ಕು ವರ್ಷಕ್ಕೆ ಎಂದ. ಮನೆಖರ್ಚಿಗೆ ಬೇರೆ ಇದೆಯೆಂದೂ ಹೇಳಿದ. ಹಾಗಿದ್ದರೆ ಪತ್ರಿಕೆಯ ಆ ಪುಟವನ್ನು ತೆರೆಯದೆ ಶಾಲೆಯ ಕೆಲಸ ನೋಡು ಎಂದೆ. ಇನ್ನೊಬ್ಬರು ಕಚೇರಿಯಲ್ಲಿ ಗುಮಾಸ್ತರು. ಆರು ತಿಂಗಳಲ್ಲಿ ಮನೆಯ ಸ್ಲ್ಯಾಬ್ ಹಾಕಿಸಬೇಕಾದ ಹಣವನ್ನು ಪೇಟೆಯಲ್ಲಿಟ್ಟಿದ್ದರು. ಕಂತ್ರಾಟುದಾರ ಕಾಯುವವನಲ್ಲ, ಅವರು ನಷ್ಟಕ್ಕೇ ಮಾರಿದರು. ಈ ಇಬ್ಬರಲ್ಲಿ ಒಬ್ಬ ಜಾಣ, ಇನ್ನೊಬ್ಬರು ದಡ್ಡರು ಎಂದು ನಾನು ಹೇಳಲಾರೆ. ಇಬ್ಬರೂ ಕೊಂಡದ್ದು ಹೆಚ್ಚುಕಡಿಮೆ ಒಂದೇ ಬಗೆಯ ಪಾಲುಗಳನ್ನು. ಒಬ್ಬನ ಹಣಕ್ಕೆ ಕಾಯುವ ಕಾಲವಿತ್ತು, ಇನ್ನೊಬ್ಬರ ಹಣಕ್ಕೆ ಇರಲಿಲ್ಲ. ಐದು ವರ್ಷಗಳ ಒಳಗೆ ಬೇಕಾಗುವ ಹಣವನ್ನು ಪೇಟೆಯ ಕಡೆ ಒಯ್ಯಬಾರದೆಂಬ ನನ್ನ ನಿಯಮ ಇಂಥ ಅನುಭವಗಳಿಂದ ಗಟ್ಟಿಯಾದದ್ದು.

ಹಿಂಗಾರಿ ಜೋಳದ ಹೊಲದಲ್ಲಿ ನಡುನಡುವೆ ಕುಸುಬಿಯ, ಕಡಲೆಯ ಅಕ್ಕಡಿ ಸಾಲು ಹಾಕುವುದನ್ನು ನೀವೆಲ್ಲ ಕಂಡಿದ್ದೀರಿ. ಒಂದಕ್ಕೆ ರೋಗ ಬಿದ್ದರೆ ಇನ್ನೊಂದು ಕೈಹಿಡಿಯುತ್ತದೆ. ಹಣದಲ್ಲೂ ಅದೇ ಕ್ರಮ. ಒಂದು ಉದ್ದಿಮೆಯ ಪಾಲಿನ ಬದಲು ನೂರಾರು ಉದ್ದಿಮೆಗಳ ಪಾಲು ಒಟ್ಟಿಗೆ ದೊರೆಯುವ ಸೂಚ್ಯಂಕ ನಿಧಿ ಇರಲಿ. ಅದರ ಜೊತೆಗೆ ಭವಿಷ್ಯ ನಿಧಿ, ಠೇವಣಿ, ಸ್ವಲ್ಪ ಚಿನ್ನ. ಸೊಲ್ಲಾಪುರದ ಬಟ್ಟೆ ಗಿರಣಿಗಳ ಭೋಂಗಾ ನಿಂತುಹೋದಾಗ ಕೆಲಸ, ಉಳಿತಾಯ, ಇದ್ದ ಚಾಳು ಎಲ್ಲವೂ ಒಂದೇ ಗಿರಣಿಯನ್ನು ನಂಬಿದ್ದ ಮನೆಗಳು ಪಟ್ಟ ಪಾಡನ್ನು ಈ ಊರು ಇನ್ನೂ ಮರೆತಿಲ್ಲ.

ಅಕ್ಕಡಿ ಹಾಕಿದವನು ವರ್ಷಕ್ಕೊಮ್ಮೆ ಸಾಲುಗಳನ್ನು ಸರಿಪಡಿಸಬೇಕು. ಒಂದು ಲಕ್ಷ ರೂಪಾಯಿಯಲ್ಲಿ 60,000 ಪಾಲುಗಳಲ್ಲಿ, 40,000 ಠೇವಣಿಯಲ್ಲಿ ಇದೆಯೆನ್ನೋಣ. ಪೇಟೆ ಶೇಕಡಾ 30 ಬಿದ್ದರೆ ಪಾಲಿನ ಭಾಗ 42,000 ಆಗುತ್ತದೆ, ಒಟ್ಟು 82,000. ಮೊದಲಿನ ಪ್ರಮಾಣಕ್ಕೆ ಬರಲು ಠೇವಣಿಯಿಂದ 7,200 ತೆಗೆದು ಪಾಲು ಕೊಳ್ಳಬೇಕು. ಪೇಟೆ ಶೇಕಡಾ 50 ಏರಿದರೆ ಪಾಲಿನ ಭಾಗ 90,000, ಒಟ್ಟು 1,30,000; ಆಗ 12,000 ರೂಪಾಯಿಯ ಪಾಲು ಮಾರಿ ಠೇವಣಿಗೆ ಸೇರಿಸಬೇಕು. ಎಲ್ಲರೂ ಹೆದರಿದಾಗ ಕೊಳ್ಳುವುದು, ಎಲ್ಲರೂ ಹಿಗ್ಗಿದಾಗ ಮಾರುವುದು ಮನಸ್ಸಿಗೆ ಕಷ್ಟ. ಈ ಸಣ್ಣ ಲೆಕ್ಕ ಮನಸ್ಸನ್ನು ಕೇಳದೆಯೇ ಆ ಕೆಲಸ ಮಾಡಿಸುತ್ತದೆ.

ಬೇಗ ಆರಂಭಿಸಬೇಕೆಂದು ನಾನು ಪದೇ ಪದೇ ಹೇಳುವುದಕ್ಕೂ ಲೆಕ್ಕವೇ ಆಧಾರ. ತಿಂಗಳಿಗೆ 1,000 ರೂಪಾಯಿಯಂತೆ ಮೂವತ್ತು ವರ್ಷ ಹೂಡಿ, ವರ್ಷಕ್ಕೆ ಶೇಕಡಾ 10 ಬೆಳವಣಿಗೆ ದೊರೆಯಿತೆಂದು ಊಹಿಸಿದರೆ 3,60,000 ರೂಪಾಯಿ ಸುಮಾರು 22.6 ಲಕ್ಷವಾಗುತ್ತದೆ. ಹತ್ತು ವರ್ಷ ತಡಮಾಡಿ ಇಪ್ಪತ್ತೇ ವರ್ಷ ಹೂಡಿದರೆ ಸುಮಾರು 7.6 ಲಕ್ಷ ಮಾತ್ರ. ನಿಧಿ ನಡೆಸುವವರ ಶುಲ್ಕ ವರ್ಷಕ್ಕೆ ಒಂದು ಶೇಕಡಾ ಹೆಚ್ಚಾಗಿ ಬೆಳವಣಿಗೆ 9ಕ್ಕೆ ಇಳಿದರೆ ಮೂವತ್ತು ವರ್ಷದ ಮೊತ್ತ 18.3 ಲಕ್ಷಕ್ಕೆ ಇಳಿಯುತ್ತದೆ. ಆ ಒಂದು ಶೇಕಡಾ ನಾಲ್ಕು ಲಕ್ಷಕ್ಕೂ ಹೆಚ್ಚನ್ನು ತಿನ್ನುತ್ತದೆ. ಆದರೆ ಜಾಹೀರಾತುಗಳು ಹೇಳದ ಇನ್ನೊಂದು ಮಾತಿದೆ. ಶೇಕಡಾ 6ರ ಬೆಲೆಯೇರಿಕೆಯಲ್ಲಿ ಮೂವತ್ತು ವರ್ಷಗಳ ನಂತರದ ಆ 22.6 ಲಕ್ಷಕ್ಕೆ ಇಂದಿನ ನಾಲ್ಕು ಲಕ್ಷದಷ್ಟೇ ಕೊಳ್ಳುವ ಶಕ್ತಿ. ಆದ್ದರಿಂದ ಸಂಬಳ ಏರಿದಂತೆ ತಿಂಗಳ ಕಂತೂ ಏರಬೇಕು. ‘ಹನಿಗೂಡಿದರೆ ಹಳ್ಳ’ ಎಂದು ನಾವು ಹೇಳುತ್ತೇವೆ, ‘ಥೇಂಬೇ ಥೇಂಬೇ ತಳೇ ಸಾಚೇ’ ಎಂದು ಮರಾಠಿಯವರು ಹೇಳುತ್ತಾರೆ. ಅವರ ಹನಿಗಳು ಕೆರೆಯಾಗಿ ನಿಲ್ಲುತ್ತವೆ, ನಮ್ಮವು ಹಳ್ಳವಾಗಿ ಹರಿಯುತ್ತವೆ. ಹಣದ ಮಟ್ಟಿಗೆ ಎರಡು ಗಾದೆಗಳೂ ಬೇಕು. ತುರ್ತಿನ ಹಣ ನಿಂತಿರಲಿ, ದೀರ್ಘಕಾಲದ ಹಣ ಹರಿಯುತ್ತಿರಲಿ.

ಈಚೆಗೆ ವರ್ಗದ ಕೊನೆಯ ಬೆಂಚುಗಳಲ್ಲಿ ಮೊಬೈಲಿನ ಮೇಲೆ ಕೆಂಪು ಹಸಿರು ಗೆರೆಗಳು ಓಡುವುದನ್ನು ಕಾಣುತ್ತಿದ್ದೇನೆ. ಫ್ಯೂಚರ್ಸ್, ಆಪ್ಷನ್ಸ್ ಎಂಬ ಹೆಸರಿನ ದಿನದ ವಹಿವಾಟು ಅದು. ಅದನ್ನು ಹೂಡಿಕೆ ಎಂದು ಕರೆಯಲು ಕನ್ನಡದ ಅಧ್ಯಾಪಕನಾಗಿ ನನಗೆ ಒಪ್ಪಿಗೆಯಿಲ್ಲ. ಬೆಳಗ್ಗೆ ಬಿತ್ತಿ ಸಂಜೆ ಕೊಯ್ಯುವ ಹೊಲ ಎಲ್ಲೂ ಇಲ್ಲ. 2024ರ ಸೆಪ್ಟೆಂಬರಿನಲ್ಲಿ ಸೆಬಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2021–22ರಿಂದ 2023–24ರವರೆಗಿನ ಮೂರು ವರ್ಷಗಳಲ್ಲಿ ಈ ವಹಿವಾಟಿಗಿಳಿದ ಬಿಡಿ ವ್ಯಕ್ತಿಗಳಲ್ಲಿ ನೂರಕ್ಕೆ 93 ಜನ ನಷ್ಟ ಅನುಭವಿಸಿದರು. ಅವರ ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಮನೆಯಿಂದ ಮೆಸ್ಸಿಗೆಂದು ಬಂದ ಹಣ ಆ ಲೆಕ್ಕದಲ್ಲಿ ಸೇರದಿರಲಿ ಎಂಬುದು ನನ್ನ ಕಳಕಳಿ.

ಕಳೆದ ವರ್ಷ ವಚನ ಸಾಹಿತ್ಯದ ತಾಸಿನಲ್ಲಿ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು ಕೇಳಿದಳು: “ಸರ, ಆಯ್ದಕ್ಕಿ ಲಕ್ಕಮ್ಮ ಹೆಚ್ಚಿಗಿ ಬಂದ ಅಕ್ಕೀನ ವಾಪಸ್ ಕಳಿಸಿದ್ಲಲ್ರೀ. ನೀವು ನೋಡಿದ್ರ ಮೂವತ್ತ ವರ್ಷಕ್ಕ ಕೂಡಿಸಿಡ್ರಿ ಅಂತೀರಿ. ಯಾವದು ಖರೇ?” ವರ್ಗ ನಕ್ಕಿತು, ನನಗೆ ನಗು ಬರಲಿಲ್ಲ, ಏಕೆಂದರೆ ಅದು ನನ್ನೊಳಗೂ ಇದ್ದ ಪ್ರಶ್ನೆ. ಮಾರಯ್ಯ ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಅದನ್ನು ಆಸೆಯೆಂದು ಗುರುತಿಸಿದಳು. ಅವಳ ಸುತ್ತ ಕಲ್ಯಾಣದ ಶರಣ ಸಮುದಾಯವಿತ್ತು. ನಾಳೆಯ ಭಯವನ್ನು ಹಂಚಿಕೊಳ್ಳುವ ಜನರಿದ್ದರು. ಬಾಡಿಗೆ ಮನೆಯಲ್ಲಿ, ಗಂಟೆಯ ಸಂಬಳದಲ್ಲಿ ಬದುಕುವ ನಮ್ಮ ಸುತ್ತ ಅಂಥ ಮಹಾಮನೆಯಿಲ್ಲ. ನಾಳೆಗೆ ಇಟ್ಟುಕೊಳ್ಳದವನು ಇಂದು ಮಕ್ಕಳ ಮೇಲೋ ನೆಂಟರ ಮೇಲೋ ಹೊರೆಯಾಗುತ್ತಾನೆ. ಇಷ್ಟು ಹೇಳಿದರೂ ಅವಳ ಪ್ರಶ್ನೆ ತೀರಲಿಲ್ಲವೆಂದು ನನಗೆ ಗೊತ್ತಿತ್ತು. ಎಷ್ಟು ಸಾಕು ಎಂಬುದನ್ನು ಯಾವ ಲೆಕ್ಕವೂ ಹೇಳುವುದಿಲ್ಲ.

ಸೊನ್ನಲಿಗೆಯ ಸಿದ್ಧರಾಮ ಕೆರೆ ಕಟ್ಟಿಸಿದ ಊರು ಇದು. ಆ ಕೆರೆಯ ದಂಡೆಯ ಮೇಲೆ ನಡೆಯುವಾಗ ನನಗೆ ಹೊಳೆಯುವ ಉತ್ತರ ಒಂದೇ. ಕೆರೆಗೆ ಏರಿ ಬೇಕು, ಇಲ್ಲವಾದರೆ ನೀರು ನಿಲ್ಲುವುದಿಲ್ಲ. ತೂಬು ಬೇಕು, ಇಲ್ಲವಾದರೆ ನಿಂತ ನೀರು ಹೊಲಕ್ಕೆ ಇಳಿಯುವುದಿಲ್ಲ. ಕೋಡಿಯೂ ಬೇಕು, ಇಲ್ಲವಾದರೆ ತುಂಬಿದ ಕೆರೆ ತನ್ನ ಏರಿಯನ್ನೇ ಒಡೆಯುತ್ತದೆ. ಎಷ್ಟು ಕೂಡಿಡಬೇಕು ಎಂದು ಬರೆದಿಡುವಾಗ ಅದರ ಪಕ್ಕದಲ್ಲೇ ಎಷ್ಟಾದ ಮೇಲೆ ಕೊಡಬೇಕು ಎಂಬುದನ್ನೂ ಬರೆದಿಡುವುದು ನಾನು ರೂಢಿಸಿಕೊಂಡ ಕ್ರಮ. ನನ್ನ ವಹಿಯಲ್ಲಿ ಆ ಎರಡನೆಯ ಅಂಕಣಕ್ಕೆ ‘ಕೋಡಿ’ ಎಂದೇ ಹೆಸರು.

ಈ ವರ್ಷ ಪದವಿ ಮುಗಿಸಿ ಹೊರಡುವವರಲ್ಲಿ ಕೆಲವು ಕೋರಿಕೆಗಳಿವೆ. ಮೊದಲ ಸಂಬಳ ಎಷ್ಟೇ ಸಣ್ಣದಿರಲಿ, ಖರ್ಚಿಗೆ ಮುನ್ನ ಅದರ ಹತ್ತನೆಯ ಒಂದು ಭಾಗವನ್ನು ಬದಿಗಿಡಿ. ಸಹಿ ಹಾಕುವ ಕಾಗದ ಕನ್ನಡದಲ್ಲಿರಲಿ, ಮರಾಠಿಯಲ್ಲಿರಲಿ, ಇಂಗ್ಲಿಷಿನಲ್ಲಿರಲಿ, ಪೂರ್ತಿ ಓದಿ. ಅವಧಿ ಎಷ್ಟು, ಶುಲ್ಕ ಎಷ್ಟು, ನಡುವೆ ಬಿಡಿಸಿಕೊಂಡರೆ ಏನು ಕಳೆಯುತ್ತದೆ ಎಂದು ಕೇಳಿ. ಉತ್ತರ ತಡವರಿಸಿದರೆ ಎದ್ದು ಬನ್ನಿ. ಪ್ರತಿ ಖಾತೆಗೂ ನಾಮನಿರ್ದೇಶನ ಮಾಡಿ, ಎಲ್ಲಿ ಏನಿದೆ ಎಂಬುದನ್ನು ಒಂದು ವಹಿಯಲ್ಲಿ ಬರೆದು ಮನೆಯವರಿಗೆ ತೋರಿಸಿ. ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು: ಮದುವೆಗೆ ಮುಂಚೆಯೂ ಆಮೇಲೆಯೂ ನಿಮ್ಮ ದುಡಿಮೆಯ ಹಣ ನಿಮ್ಮ ಹೆಸರಿನ ಖಾತೆಯಲ್ಲಿರಲಿ, ಅದರ ಪಾಸ್‌ಬುಕ್ ನಿಮ್ಮ ಕೈಯಲ್ಲಿರಲಿ. ಅಂದು ಲಕ್ಕಮ್ಮನ ಹೆಸರೆತ್ತಿದ ಆ ವಿದ್ಯಾರ್ಥಿನಿ ಈಗ ಊರಿನ ಶಾಲೆಯೊಂದರಲ್ಲಿ ತಾಸಿಕೆಯ ಮೇಲೆ ಕಲಿಸುತ್ತಿದ್ದಾಳೆ. ಹೋದ ತಿಂಗಳು ಅಂಚೆ ಕಚೇರಿಯಲ್ಲಿ ತಿಂಗಳಿಗೆ ಐನೂರು ರೂಪಾಯಿಯ ಆವರ್ತ ಠೇವಣಿ ಆರಂಭಿಸಿದೆನೆಂದು ತಿಳಿಸಿದಳು. ‘ಕೋಡಿ’ಯ ಅಂಕಣದಲ್ಲಿ ಏನು ಬರೆಯಬೇಕೆಂದು ಇನ್ನೂ ಯೋಚಿಸುತ್ತಿದ್ದಾಳಂತೆ.